ಅಪ್ಪ ಜೈಲಲ್ಲಿದ್ದಾರೆ ಅಂತ ಮಗುವಿಗೆ ಹೇಳೋದು ಹೇಗೆ?

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕಿ): ಮೂರನೇ ಕ್ಲಾಸಿನ ಹುಡುಗನ ಅಪ್ಪ ಎರಡು ತಿಂಗಳಿಂದ ವಿಚಾರಣಾಧೀನ ಕೈದಿ. ಮನೆಯಲ್ಲಿ "ದುಬೈಗೆ ಹೋಗಿದ್ದಾರೆ" ಅಂದಿದ್ದಾರೆ. ಈಗ ಬೆಳಗಾದರೆ ಹೊಟ್ಟೆನೋವು ಅಂತಾನೆ, ಕ್ಲಾಸಲ್ಲಿ ಜಗಳ. ಅಜ್ಜಿ "ಅವನಿಗೇನೂ ಗೊತ್ತಿಲ್ಲ, ನೀವೂ ಹೇಳಬೇಡಿ ಟೀಚರ್" ಅಂತಾರೆ. ಏನು ಮಾಡಲಿ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ): ಟೀಚರ್, ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಅರ್ಧ ಗೊತ್ತಿರುತ್ತೆ. ಕಾಡೋದು ಆ ಅರ್ಧವೇ. ದುಬೈಯಿಂದ ಒಂದು ಫೋನೂ ಬರಲ್ಲ ಅಂದಾಗ, ತನ್ನ ತಪ್ಪಿಗೇ ಅಪ್ಪ ಬಿಟ್ಟುಹೋದ ಅಂತ ಮಗು ಲೆಕ್ಕ ಹಾಕಿಕೊಳ್ಳುತ್ತೆ. ಕೊನೆಗೆ ನಿಜ ಕಿವಿಗೆ ಬೀಳೋದು ಆಟದ ಮೈದಾನದಲ್ಲಿ, ಬೈಗುಳವಾಗಿ.

ಹೇಳಬೇಕಾದವರು ಮನೆಯವರು, ನೀವಲ್ಲ. ಅಜ್ಜಿಗೆ ಇಷ್ಟು ಮಾತು ಕಲಿಸಿಕೊಡಿ: "ಅಪ್ಪ ಜೈಲಲ್ಲಿದ್ದಾರೆ. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಕೋರ್ಟಲ್ಲಿ ವಿಚಾರಣೆ ಆಗಬೇಕು. ಯಾವಾಗ ಬರ್ತಾರೆ ಗೊತ್ತಿಲ್ಲ. ಇದು ನಿನ್ನಿಂದ ಆಗಿದ್ದಲ್ಲ. ನಿನ್ನ ನಾನು ನೋಡ್ಕೋತೀನಿ." ಆರೋಪದ ವಿವರ ಬೇಡ. "ಮುಂದಿನ ವಾರ ಬಂದ್ಬಿಡ್ತಾರೆ" ಅನ್ನೋದಂತೂ ಬೇಡವೇ ಬೇಡ; ಜಾಮೀನು ಅರ್ಜಿ ಮುಂದಕ್ಕೆ ಹೋದಾಗಲೆಲ್ಲ ಮಗು ಮತ್ತೆ ಕುಸಿಯುತ್ತೆ.

"ನನ್ನ ತಂದೆ" ಪ್ರಬಂಧ ಬಂದರೆ ಇಡೀ ತರಗತಿಗೇ "ನನ್ನ ಮನೆಯವರು" ಅಂತ ಬದಲಿಸಿ. ಅವನೊಬ್ಬನಿಗೆ ವಿನಾಯಿತಿ ಕೊಟ್ಟರೆ ಎಲ್ಲರ ಕಣ್ಣೂ ಅವನ ಮೇಲೇ. ಹೊಟ್ಟೆನೋವನ್ನು ಮೊದಲು ಡಾಕ್ಟರಿಗೆ ತೋರಿಸಲಿ. ದೇಹದಲ್ಲಿ ಕಾರಣ ಸಿಗದೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಲಿ.

ಮರುಪ್ರಶ್ನೆ: ಜೈಲಿಗೆ ಕರೆದೊಯ್ಯಬಹುದಾ? ಕೋರ್ಟಿನ ಹತ್ತಿರ ನೋಡೋದು ಸುಲಭ ಅಂತಾರೆ.

ಉತ್ತರ: ಕೋರ್ಟ್ ಬೇಡ. ಪೊಲೀಸರ ನಡುವೆ ಅಪ್ಪ ಸರಸರ ಸಾಗಿಹೋಗೋದಷ್ಟೇ ಮಗುವಿನ ಕಣ್ಣಿಗೆ ಉಳಿಯುತ್ತೆ. ಅವನಿಗೇ ಮನಸ್ಸಿದ್ದರೆ ಜೈಲಿನ ಸಂದರ್ಶನವೇ ವಾಸಿ. ಹಿಂದಿನ ದಿನವೇ ಹೇಳಿಡಿ: ಗೇಟಲ್ಲಿ ತಪಾಸಣೆ ಮಾಡ್ತಾರೆ, ತುಂಬಾ ಹೊತ್ತು ಕಾಯಬೇಕು, ಜಾಲರಿ ಅಥವಾ ಗಾಜು ಅಡ್ಡ ಇರಬಹುದು, ಅಪ್ಪನ್ನ ತಬ್ಬಿಕೊಳ್ಳೋಕೆ ಆಗದೇ ಇರಬಹುದು. ಇನ್ನೊಂದು: ದೊಡ್ಡವರು ವಕೀಲರ ಫೀಸು, ಕೇಸು ಅಂತ ಇರೋ ನಾಲ್ಕು ನಿಮಿಷವನ್ನೂ ತಿಂದುಬಿಡ್ತಾರೆ. ಮೊದಲ ಮಾತು ಮಗುವಿನದಾಗಲಿ. ದೂರವಾದರೆ ಜೈಲು ಭೇಟಿಗಿರುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಇ-ಮುಲಾಖಾತ್‌ನಲ್ಲಿ ವಿಡಿಯೋ ಭೇಟಿಗೆ ನೋಂದಾಯಿಸಿ.

ಆರೋಪ ತಾಯಿಯ ಮೇಲಿನ ಅಥವಾ ಮಗುವಿನ ಮೇಲಿನ ದೌರ್ಜನ್ಯದ್ದಾದರೆ ಈ ಸಲಹೆ ಯಾವುದೂ ಬೇಡ. ಭೇಟಿಗೆ ಮುಂಚೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯನ್ನು ಕಾಣಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸೇರಿಸುವುದು (ವಕೀಲರು): ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ (ಸಹಾಯವಾಣಿ 15100). ಸಾಲ ಮಾಡುವ ಮುಂಚೆ ಅಜ್ಜಿಗೆ ಇದು ಗೊತ್ತಿರಲಿ. ಮಗು ಬೇರೆ ಊರಿಗೆ ಹೋದರೆ, ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನೋಡಿ.

ಮಕ್ಕಳ ರಕ್ಷಣೆಗಿರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ (ಮಗುವಿನ ಪಾಲನೆಗೆ ಕೊಡುವ ಸಹಾಯಧನ) ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ. ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ಮೀರಬಾರದು. ಅಪ್ಪ ದುಡಿಯುತ್ತಿದ್ದ ಕಾಲದ ಆದಾಯ ಪ್ರಮಾಣಪತ್ರ ಕೊಟ್ಟರೆ ಅರ್ಜಿ ಅಲ್ಲೇ ಬಿದ್ದುಹೋದೀತು. ನಾಡಕಚೇರಿಯಲ್ಲಿ ಹೊಸದು ಮಾಡಿಸಿ.