ದಾಖಲೆ ಮುರಿದದ್ದು ಯಾರು? ರೆಸ್ಲಿಂಗ್‌ನ ಸೋಲು ಗೆಲುವಿನ ಲೆಕ್ಕಕ್ಕೆ ಯಾವ ಮಾತು ಸರಿ

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಹೊಸ ಪದವೇನಲ್ಲ. ನಾವು ದಿನಾ ಬಳಸುವ 'ದಾಖಲೆ'.

ವೃತ್ತಿಪರ ಕುಸ್ತಿಯ ಮೇಲೆ, ಅಂದರೆ ಟಿವಿಯಲ್ಲಿ ಬರುವ ರೆಸ್ಲಿಂಗ್ ಮೇಲೆ, ಒಂದು ಬರಹ ಬರೆಯುತ್ತಿದ್ದೆ. ಅದರಲ್ಲಿ ಹೀಗೊಂದು ವಾಕ್ಯ ಇತ್ತು: 'ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ 21 ಗೆಲುವಿನ ದಾಖಲೆಯನ್ನು 2014ರಲ್ಲಿ ಬ್ರಾಕ್ ಲೆಸ್ನರ್ ಮುರಿದ.' ರೆಸಲ್‌ಮೇನಿಯಾ ಅಂದರೆ ಡಬ್ಲ್ಯೂಡಬ್ಲ್ಯೂಇ ಕಂಪನಿ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಕಾರ್ಯಕ್ರಮ, ಇವರಿಬ್ಬರೂ ಅಲ್ಲಿನ ಹೆಸರಾಂತ ರೆಸ್ಲರ್‌ಗಳು. ಬರೆಯುವಾಗ ಏನೂ ತಪ್ಪು ಕಾಣಲಿಲ್ಲ. ಅಕ್ಕನ ಮಗನಿಗೆ ಓದಲು ಕೊಟ್ಟೆ. ಅವನಿಗೆ ಕ್ರಿಕೆಟ್ ಅಂದರೆ ಪ್ರಾಣ, ರೆಸ್ಲಿಂಗ್ ಗೊತ್ತಿಲ್ಲ. ಓದಿ ಮುಗಿಸಿ, 'ಹಾಗಾದ್ರೆ ಲೆಸ್ನರ್ 22 ಗೆದ್ನಾ ಮಾಮ?' ಅಂತ ಕೇಳಿದ.

ಅವನು ಓದಿದ್ದರಲ್ಲಿ ತಪ್ಪಿಲ್ಲ. ಕ್ರಿಕೆಟ್ಟಿನಲ್ಲಿ ಒಬ್ಬರ ದಾಖಲೆ ಇನ್ನೊಬ್ಬರು ಮುರಿದರು ಅಂದರೆ ಅದನ್ನು ದಾಟಿ ಮುಂದೆ ಹೋದರು ಅಂತಲೇ ಅರ್ಥ. ಲೆಸ್ನರ್ ಏನನ್ನೂ ದಾಟಲಿಲ್ಲ. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಒಂದೇ ಒಂದು ಪಂದ್ಯ ಆಡಿದ, ಅದರಲ್ಲಿ ಅಂಡರ್‌ಟೇಕರನನ್ನು ಸೋಲಿಸಿದ. ದೊಡ್ಡ ಪರದೆಯ ಮೇಲೆ '21-1' ಅಂತ ಬಂತು. ಜನ ಬಾಯಿ ಬಿಟ್ಟುಕೊಂಡು ಆ ಅಂಕಿಯನ್ನೇ ನೋಡುತ್ತಾ ನಿಂತರು. ಮುರಿದದ್ದು ಸತತ ಗೆಲುವಿನ ಒಂದು ಸಾಲು. ದಾಖಲೆ ಮುರಿಯಲಿಲ್ಲ, ಅದರಲ್ಲಿ ಇನ್ನೊಂದು ಅಂಕಿ ಸೇರಿತು, ಅಷ್ಟೇ.

ದಾಖಲೆ ಅರಬಿ ಮೂಲದ ಪದ, ಒಳಗೆ ಹೋಗುವುದು ಅನ್ನುವ ಅರ್ಥದ್ದು. ಆಸ್ಪತ್ರೆಗೆ ದಾಖಲಾದ, ದೂರು ದಾಖಲಾಯಿತು ಅನ್ನುವಾಗ ಆ ಅರ್ಥ ಇನ್ನೂ ಇದೆ. ಪುಸ್ತಕದೊಳಗೆ ಬರೆದಿಟ್ಟದ್ದು ದಾಖಲೆ. ಆಟದ ಪುಟಗಳಲ್ಲಿ ಅದಕ್ಕೆ 'ಹಿಂದೆ ಯಾರೂ ಮಾಡದ ಸಾಧನೆ' ಅನ್ನುವ ಎರಡನೇ ಅರ್ಥ ಬಂತು. ಈಗ ಈ ಎರಡನೆಯದೇ ಜೋರಾಗಿದೆ. ಹಾಗಾಗಿ ಅಂಡರ್‌ಟೇಕರ್ ಬಗ್ಗೆ, 2014ರ ನಂತರದ್ದನ್ನೂ ಸೇರಿಸಿ, 'ಅವನ ದಾಖಲೆ 25-2' ಅಂದರೆ ಓದುವವನು ಒಂದು ಕ್ಷಣ ತಡವರಿಸುತ್ತಾನೆ. ಎರಡು ಸೋಲು ಇರುವುದು ಎಂಥ ದಾಖಲೆ ಅಂತ.

ನನ್ನ ಪ್ರಕಾರ ಇಲ್ಲಿ ಬೇಕಾದ ಮಾತು 'ಲೆಕ್ಕ'. ಅಂಡರ್‌ಟೇಕರ್‌ನ ರೆಸಲ್‌ಮೇನಿಯಾ ಲೆಕ್ಕ 25 ಗೆಲುವು, 2 ಸೋಲು. ಇದನ್ನು ಯಾರೂ ತಪ್ಪು ಓದಲಾರರು. ಆದರೆ ನಾನು ಲೆಕ್ಕದ ಪರ ನಿಲ್ಲಲು ಇನ್ನೂ ಗಟ್ಟಿ ಕಾರಣ ಇದೆ. ದಾಖಲೆ ಅಂದರೆ ಆದದ್ದು ಆದ ಹಾಗೆ ಬರೆದಿಟ್ಟದ್ದು ಅನ್ನಿಸುತ್ತದೆ. ಲೆಕ್ಕ ಹಾಗಲ್ಲ. ಲೆಕ್ಕವನ್ನು ಒಬ್ಬರು ಬರೆಯುತ್ತಾರೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಲೆಕ್ಕ ಏರಿಸಿ ಹೇಳಬಹುದು, ಇಳಿಸಿ ಹೇಳಬಹುದು. ರೆಸ್ಲಿಂಗ್‌ನ ಅಂಕಿಗಳ ಸ್ವಭಾವವೇ ಇದು.

ಗೋಲ್ಡ್‌ಬರ್ಗ್‌ನನ್ನು ತೆಗೆದುಕೊಳ್ಳಿ. 1997ರ ಸೆಪ್ಟೆಂಬರಿನಲ್ಲಿ ಡಬ್ಲ್ಯೂಸಿಡಬ್ಲ್ಯೂ ಅನ್ನುವ ಕಂಪನಿಯಲ್ಲಿ ಗೆಲ್ಲಲು ಶುರು ಮಾಡಿದ. 1998ರ ಡಿಸೆಂಬರ್ 27ರಂದು ಅದರ ದೊಡ್ಡ ಕಾರ್ಯಕ್ರಮ ಸ್ಟಾರ್‌ಕೇಡ್‌ನಲ್ಲಿ ಕೆವಿನ್ ನ್ಯಾಶ್‌ಗೆ ಸೋತ. ಆ ಹೊತ್ತಿಗೆ ಕಂಪನಿ ಹೇಳುತ್ತಿದ್ದ ಲೆಕ್ಕ 173-0. ಅಭಿಮಾನಿಗಳು ಟಿವಿಯಲ್ಲಿ ಬಂದದ್ದು, ಬಾರದ್ದು ಎಲ್ಲಾ ಸೇರಿಸಿ ಕೂತು ಎಣಿಸಿದರೂ ಅಷ್ಟು ಸಿಗಲಿಲ್ಲ. ಹಾಗಾಗಿ 'ಗೋಲ್ಡ್‌ಬರ್ಗ್ 173 ಪಂದ್ಯ ಗೆದ್ದ' ಅಂತ ಬರೆದರೆ ನಾವು ಸುಮ್ನೆ ಕಂಪನಿಯ ಮಾತಿಗೆ ಸಾಕ್ಷಿ ಹೇಳಿದ ಹಾಗಾಗುತ್ತದೆ. 'ಕಂಪನಿಯ ಲೆಕ್ಕದಲ್ಲಿ 173' ಅಂದರೆ ಮುಗಿಯಿತು.

ಇದರ ಉಲ್ಟಾ ಕಥೆ ಆಂಡ್ರೆ ದ ಜೈಂಟ್‌ನದು. 1987ರ ಮಾರ್ಚ್ 29ರಂದು ರೆಸಲ್‌ಮೇನಿಯಾದಲ್ಲಿ ಹಲ್ಕ್ ಹೋಗನ್ ಎದುರು ನಿಂತಾಗ ಆಂಡ್ರೆ 15 ವರ್ಷದಿಂದ ಸೋತೇ ಇಲ್ಲ ಅಂತ ಅದನ್ನು ನಡೆಸುವವರು ಹೇಳಿದರು. ಅದರ ಹಿಂದಿನ ವರ್ಷವೇ ಜಪಾನಿನಲ್ಲಿ ಆಂಟೋನಿಯೊ ಇನೋಕಿಗೆ ಅವನು ಸೋತಿದ್ದ. ಅದು ಬೇರೆ ಕಂಪನಿಯ ಕಣ, ಬೇರೆ ದೇಶ. ಇದಕ್ಕೆ ಕನ್ನಡದಲ್ಲಿ ಎಂಥ ಸೊಗಸಾದ ಮಾತಿದೆ ನೋಡಿ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಟಿವಿಗೆ ಬಾರದ ಪಂದ್ಯ, ತೀರ್ಪಿಲ್ಲದೆ ನಿಂತುಹೋದ ಪಂದ್ಯ, ಬೇರೆ ಕಂಪನಿಯಲ್ಲಿ ಆಡಿದ ಪಂದ್ಯ ಎಲ್ಲಕ್ಕೂ ಇದು ಹೊಂದುತ್ತದೆ. ದಾಖಲೆ ಅಂತ ಹಿಡಿದುಕೊಂಡರೆ ಈ ಮಾತು ಕೈಗೆ ಸಿಗುವುದಿಲ್ಲ.

ಈಗ ಅಂಕಿಯ ಜೊತೆ ಬರುವ ಜೋಡುಪದ. ನಾವು ಮಾತಾಡುವಾಗ 'ಸೋಲು ಗೆಲುವು' ಅನ್ನುತ್ತೇವೆ, ಸೋಲು ಮೊದಲು. ಅಂಕಿ ಬರೆಯುವಾಗ ಗೆಲುವು ಮೊದಲು, 21-1. 'ಸೋಲು ಗೆಲುವಿನ ಲೆಕ್ಕ 21-1' ಅಂದರೆ ಅಕ್ಷರಕ್ಕೆ ಅಕ್ಷರ ಓದುವವನು 21 ಸೋಲು ಅಂದುಕೊಂಡಾನು. 'ಗೆಲುವು ಸೋಲಿನ ಲೆಕ್ಕ' ಅಂತ ತಿರುಗಿಸಬಹುದು. ಬರಹದಲ್ಲಿ ಅದೂ ನಡೆಯುತ್ತದೆ, ಆದರೆ ನನ್ನ ಕಿವಿಗೆ ಸ್ವಲ್ಪ ತೊಡಕು. ನಾನು ಹೆಸರಿನಲ್ಲಿ ಸೋಲು ಗೆಲುವು ಅಂತಲೇ ಇಟ್ಟು, ಅಂಕಿಗೆ 'ಗೆಲುವು 21, ಸೋಲು 1' ಅಂತ ಬಿಡಿಸಿ ಬರೆಯುತ್ತಿದ್ದೇನೆ. ನಾಲ್ಕು ಅಕ್ಷರ ಜಾಸ್ತಿಯಾಗುತ್ತದೆ, ಆಗಲಿ.

ಮುರಿದದ್ದು ಸಾಲು ಅಂದೆನಲ್ಲ. ಪತ್ರಿಕೆಗಳಲ್ಲಿ ಇದಕ್ಕೆ 'ಗೆಲುವಿನ ಸರಣಿ' ಅಂತ ಬರುತ್ತದೆ. ಸರಣಿ ಈಗಾಗಲೇ ಬೇರೆ ಕೆಲಸದಲ್ಲಿದೆ. ಸರಣಿ ಗೆಲುವು ಅಂದರೆ ಐದು ಪಂದ್ಯದಲ್ಲಿ ಮೂರು ಗೆದ್ದದ್ದು ಅಂತ ಯಾರಾದರೂ ಹೇಳುತ್ತಾರೆ. 'ಅಜೇಯ ಓಟ' ಅನ್ನುವುದೂ ಇದೆ. ಅಖಾಡದಲ್ಲಿ ಓಡುವವರು ಯಾರು? ಸಾಲು ಸಾಲು ಗೆಲುವು ಅಂತ ನಾವು ಹೇಗೂ ಅನ್ನುತ್ತೇವೆ. ಗೆಲುವಿನ ಸಾಲು ಅನ್ನಲು ಏನು ಕಷ್ಟ? ಸೋಲಿಗೂ ಅದೇ ಸಾಕು. ಕರ್ಟ್ ಹಾಕಿನ್ಸ್ ಸತತ 269 ಸೋತು, 2019ರ ಏಪ್ರಿಲ್ 7ರಂದು ಜೊತೆಗಾರ ಝ್ಯಾಕ್ ರೈಡರ್ ಜೊತೆ ಗೆದ್ದಾಗ ಸೋಲಿನ ಸಾಲು ಮುಗಿಯಿತು.

ಇನ್ನು 'ಅಜೇಯ'. ಈ ಪದದ ಬಳಕೆ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಜೇಯ ಅಂದರೆ ಯಾರಿಂದಲೂ ಸೋಲಿಸಲು ಆಗದವನು. ಇದುವರೆಗೆ ಸೋಲದವನು ಅಪರಾಜಿತ. ಎರಡೂ ಒಂದಲ್ಲ. 'ಅಜೇಯ ಅಂಡರ್‌ಟೇಕರ್ ಸೋತ' ಅಂದರೆ ಮಾತೇ ತನ್ನನ್ನು ತಾನು ಸುಳ್ಳು ಮಾಡಿಕೊಳ್ಳುತ್ತದೆ. ಅಪರಾಜಿತ ಭಾರ ಅನ್ನಿಸಿದರೆ ಸೋಲರಿಯದ, ಸೋಲೇ ಕಾಣದ ಅಂತ ಎಷ್ಟು ಹಗುರವಾಗಿ ಹೇಳಬಹುದು. ಸೋಲು ಕಾಣದವನು ಎಲ್ಲವನ್ನೂ ಗೆದ್ದ ಅಂತಲೂ ಅಲ್ಲ. ರೆಸ್ಲಿಂಗ್‌ನ ಹಾಗೆ ಮೊದಲೇ ತೀರ್ಮಾನವಾಗದ, ನಿಜವಾದ ಕುಸ್ತಿಯ ಗಾಮಾ ಪೈಲ್ವಾನನನ್ನೇ ನೋಡಿ. 1910ರಲ್ಲಿ ಲಂಡನ್ನಿನಲ್ಲಿ ಸ್ಟಾನಿಸ್ಲಾಸ್ ಜ್ಬಿಸ್ಕೊ ಜೊತೆ ಸುಮಾರು ಮೂರು ಗಂಟೆ ಹಿಡಿದ ಕುಸ್ತಿ ಸಮ ಆಯಿತು. ಜ್ಬಿಸ್ಕೊ ಹೆಚ್ಚು ಹೊತ್ತು ನೆಲಕ್ಕೆ ಅಂಟಿಕೊಂಡೇ ಇದ್ದ. ಒಂದು ವಾರ ಬಿಟ್ಟು ಮತ್ತೆ ಕುಸ್ತಿ ಇತ್ತು, ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಒಂದು ಸಮ, ಒಂದು ಬಾರದ ಎದುರಾಳಿ, ಒಂದು ಗೆಲುವು. ಮೂರಕ್ಕೂ ಸೇರಿ 'ಸೋಲಿಲ್ಲ' ಅನ್ನಬಹುದು. 'ಮೂರು ಗೆಲುವು' ಅನ್ನಲು ಬರುವುದಿಲ್ಲ.

ಎಣಿಸುವುದು ಏನನ್ನು ಅನ್ನುವುದರಲ್ಲೂ ಜಾರುತ್ತೇವೆ. 'ಅಂಡರ್‌ಟೇಕರ್ ರೆಸಲ್‌ಮೇನಿಯಾದಲ್ಲಿ ಸತತ 21 ಮಂದಿಯನ್ನು ಸೋಲಿಸಿದ' ಅಂತ ಒಂದು ಕಡೆ ಓದಿದೆ. ಅನುಮಾನ ಬಂದು ಹೆಸರುಗಳನ್ನು ಬರೆದು ಎಣಿಸಿದೆ. 1991ರಲ್ಲಿ ಜಿಮ್ಮಿ ಸ್ನೂಕಾನಿಂದ ಹಿಡಿದು 2013ರಲ್ಲಿ ಸಿಎಂ ಪಂಕ್ ತನಕ. 1994 ಮತ್ತು 2000ರಲ್ಲಿ ಅಂಡರ್‌ಟೇಕರ್ ಆಡಿಲ್ಲ. ಟ್ರಿಪಲ್ ಎಚ್ ಮೂರು ಸಲ ಸೋತಿದ್ದಾನೆ. ಕೇನ್ ಎರಡು ಸಲ, ಶಾನ್ ಮೈಕಲ್ಸ್ ಎರಡು ಸಲ. 2003ರಲ್ಲಿ ಬಿಗ್ ಶೋ ಮತ್ತು ಎ-ಟ್ರೈನ್ ಇಬ್ಬರೂ ಒಂದೇ ಪಂದ್ಯದಲ್ಲಿ ಎದುರಿಗಿದ್ದರು. ಎಲ್ಲಾ ಕಳೆದು ಕೂಡಿದರೆ ಸಿಗುವುದು 18 ಮಂದಿ. ಅಂದರೆ 21 ಸಲ ಗೆದ್ದ, 18 ಮಂದಿಯನ್ನು ಸೋಲಿಸಿದ. 'ಸಲ' ಮತ್ತು 'ಮಂದಿ' ಎರಡೂ ಚಿಕ್ಕ ಪದ, ಅದಲುಬದಲಾದರೆ ಸುಳ್ಳಾಗುತ್ತದೆ. 'ಸತತ' ಅನ್ನುವಾಗಲೂ 'ರೆಸಲ್‌ಮೇನಿಯಾದ ಮಟ್ಟಿಗೆ' ಅಂತ ಸೇರಿಸಲೇಬೇಕು. ಆ ವರ್ಷಗಳ ನಡುವೆ ಬೇರೆ ಕಡೆ ಅವನು ಎಷ್ಟೋ ಸಲ ಸೋತಿದ್ದಾನೆ.

ಕೆಲವು ಸಾಲುಗಳನ್ನು ಪಂದ್ಯದಲ್ಲಿ ಎಣಿಸುವುದೇ ಇಲ್ಲ, ದಿನದಲ್ಲಿ ಎಣಿಸುತ್ತಾರೆ. ಅಸುಕಾ 914 ದಿನ ಸೋಲದೆ ಇದ್ದು 2018ರಲ್ಲಿ ಷಾರ್ಲೆಟ್ ಫ್ಲೇರ್‌ಗೆ ಸೋತಳು. ಬ್ರೂನೊ ಸಮ್ಮಾರ್ಟಿನೊ 1963ರಿಂದ 1971ರ ತನಕ ಒಂದೇ ಸಮ 2,803 ದಿನ ಚಾಂಪಿಯನ್ ಆಗಿದ್ದ. ಇವೆರಡೂ ಒಂದೇ ಬಗೆಯ ಅಂಕಿ ಅಲ್ಲ. ಅನರ್ಹನಾಗಿ ಸೋತರೆ, ಕಣದ ಹೊರಗಿದ್ದು ರೆಫರಿಯ ಎಣಿಕೆ ಮುಗಿದು ಸೋತರೆ, ಸಾಮಾನ್ಯವಾಗಿ ಪಟ್ಟ ಹೋಗುವುದಿಲ್ಲ. ಸೋತೂ ಪಟ್ಟ ಉಳಿಸಿಕೊಳ್ಳಬಹುದು. 'ಪಟ್ಟ' ಇಲ್ಲಿ ಚಿನ್ನದಂಥ ಪದ, ಅದನ್ನು ಬಿಟ್ಟು ಪ್ರಶಸ್ತಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಪ್ರಶಸ್ತಿ ಕೊಟ್ಟರೆ ಮನೆಯಲ್ಲೇ ಉಳಿಯುತ್ತದೆ. ಪಟ್ಟ ಏರಬೇಕು, ಇಳಿಯಬೇಕು.

ಪಂದ್ಯಕ್ಕೆ ಗರಡಿಯವರು ಬಳಸುವ ಎಣಿಕೆಯ ಪದ 'ಜೋಡಿ'. ಹತ್ತು ಜೋಡಿ ಕುಸ್ತಿ ನಡೆಯಿತು ಅಂದರೆ ಹತ್ತು ಪಂದ್ಯ, ಇಪ್ಪತ್ತು ಪೈಲ್ವಾನರು. ಎಷ್ಟು ಚೆಂದದ ಪದ! ಆದರೆ ರೆಸ್ಲಿಂಗ್‌ಗೆ ತಂದರೆ ಎಡವುತ್ತದೆ. ಗರಡಿಯಲ್ಲಿ ಜೋಡಿ ಅಂದರೆ ಎದುರಾಳಿಗಳು. ರೆಸ್ಲಿಂಗ್‌ನಲ್ಲಿ ಇಬ್ಬರು ಒಂದೇ ಕಡೆ ನಿಲ್ಲುವ ಪಂದ್ಯಗಳಿವೆ, ಅಲ್ಲಿ ಜೋಡಿ ಅಂದರೆ ಜೊತೆಗಾರರು. ಅದೂ ಅಲ್ಲದೆ ಮೂವರ ಪಂದ್ಯ ಇದೆ. ಒಬ್ಬನನ್ನು ಚಿತ್ ಮಾಡಿದರೂ ಸೋಲು ಇಬ್ಬರ ಲೆಕ್ಕಕ್ಕೆ ಬರುತ್ತದೆ. ರಾಯಲ್ ರಂಬಲ್‌ನಲ್ಲಿ 30 ಮಂದಿ ಇಳಿದರೆ ಒಂದು ಗೆಲುವು, 29 ಸೋಲು. ಗೆಲುವುಗಳನ್ನು ಕೂಡಿದರೆ ಸೋಲುಗಳಿಗೆ ಸಮ ಆಗುವುದೇ ಇಲ್ಲ. ಹಾಗಾಗಿ ಎಣಿಕೆಗೆ ನಾನು 'ಪಂದ್ಯ'ವನ್ನೇ ಇಟ್ಟುಕೊಂಡಿದ್ದೇನೆ, ಜೊತೆಗಾರರ ಪಂದ್ಯಕ್ಕೆ 'ಜೊತೆ ಪಂದ್ಯ'. 2019ರಲ್ಲಿ ಶುರುವಾದ ಎಇಡಬ್ಲ್ಯೂ ಕಂಪನಿ ಸೋಲು ಗೆಲುವಿಗೆ ಬೆಲೆ ಕೊಡುತ್ತೇವೆ ಅಂತ ಲೆಕ್ಕವನ್ನು ಟಿವಿಯಲ್ಲೇ ತೋರಿಸಿತು, ಒಂಟಿ ಪಂದ್ಯಕ್ಕೆ ಬೇರೆ, ಜೊತೆ ಪಂದ್ಯಕ್ಕೆ ಬೇರೆ. ಅದನ್ನು ಕನ್ನಡದಲ್ಲಿ ಹೇಳಲು ಈ ಎರಡು ಪದ ಸಾಕಾಯಿತು.

ಕೊನೆಯದಾಗಿ, ನಾನು ಎಲ್ಲಕ್ಕಿಂತ ಜಾಸ್ತಿ ತಲೆಕೆಡಿಸಿಕೊಂಡದ್ದು ಕ್ರಿಯಾಪದದ ಬಗ್ಗೆ. ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಇದು ಮನರಂಜನೆ ಅಂತ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ರೆಸಲ್‌ಮೇನಿಯಾ ನಡೆಸುವ ಕಂಪನಿಯೇ ಹೇಳಿಕೊಂಡಿತ್ತು. ಹಾಗಾದರೆ 'ಗೆದ್ದ' ಅನ್ನಬಹುದೇ? ಕಥೆಯೊಳಗೆ ನಿಂತು ಮಾತಾಡುವಾಗ ಅನ್ನಬಹುದು. ನಾಟಕದಲ್ಲಿ ಭೀಮ ದುರ್ಯೋಧನನನ್ನು ಕೊಂದ ಅನ್ನುವುದಿಲ್ಲವೇ, ಹಾಗೆ. ಹೊರಗೆ ನಿಂತು ಮಾತಾಡುವಾಗ ಕನ್ನಡದಲ್ಲಿ ಒಂದು 'ಇಸು' ಸಾಕು. ಲೆಸ್ನರ್ ಗೆದ್ದ, ಕಂಪನಿ ಲೆಸ್ನರನನ್ನು ಗೆಲ್ಲಿಸಿತು. ಹೊಸ ಪದ ಕಟ್ಟುವ ಕೆಲಸವೇ ಇಲ್ಲ. 'ಸೋಲಿಸು' ಇನ್ನೂ ವಿಶೇಷ. 'ಲೆಸ್ನರ್ ಅಂಡರ್‌ಟೇಕರನನ್ನು ಸೋಲಿಸಿದ', 'ಕಂಪನಿ ಅಂಡರ್‌ಟೇಕರನನ್ನು ಸೋಲಿಸಿತು'. ಕ್ರಿಯಾಪದ ಒಂದೇ, ಆದರೆ ಮೊದಲನೆಯದು ಕಣದಲ್ಲಿ ನಡೆದದ್ದು, ಎರಡನೆಯದು ಕೋಣೆಯಲ್ಲಿ ಕೂತು ಬರೆದದ್ದು. ಯಾರು ಸೋಲಿಸಿದರು ಅನ್ನುವುದರ ಮೇಲೆ ಅರ್ಥ ನಿಂತಿದೆ.

ಅಲ್ಲಿ ಸೋಲುವವನ ಪಾಲಿಗೆ ಸರಿಯಾದ ಮಾತು ಯಾವುದು ಅನ್ನುವುದೇ ನಿಮಗೆ ನನ್ನ ಪ್ರಶ್ನೆ. ಎದುರಿನವನ ಹೆಸರು ಬೆಳೆಯಲಿ ಅಂತ ಮೈಯೊಡ್ಡಿ, ಸರಿಯಾದ ಹೊತ್ತಿಗೆ ಬಿದ್ದು, ಮೂರು ಎಣಿಸುವ ತನಕ ಬೆನ್ನು ನೆಲಕ್ಕೆ ಕೊಟ್ಟು ಮಲಗುವುದು ಕಲಿತು ಮಾಡುವ ಕೆಲಸ. 'ಸೋತ' ಅಂದರೆ ಅವನ ಕೆಲಸ ಕಾಣುವುದಿಲ್ಲ. 'ಬಿಟ್ಟುಕೊಟ್ಟ' ಅಂದರೆ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ದುಡ್ಡಿಗೆ ಪಂದ್ಯ ಮಾರಿಕೊಂಡ ಅನ್ನುವ ವಾಸನೆಯೂ ಇದೆ. 'ಸೋತುಕೊಟ್ಟ' ಅಂತ ಬರೆದು ನೋಡಿದೆ. 'ಮಾಡಿಕೊಟ್ಟ', 'ಹೇಳಿಕೊಟ್ಟ' ಇದ್ದ ಹಾಗೆ ಇನ್ನೊಬ್ಬರಿಗಾಗಿ ಮಾಡಿದ್ದು ಅನ್ನುವ ಅರ್ಥ ಬರುತ್ತದೆ ಅಂತ ನನ್ನ ನಂಬಿಕೆ. ನಿಮ್ಮ ಕಿವಿಗೆ ಇದು ಕನ್ನಡ ಅನ್ನಿಸುತ್ತದೆಯೇ? ಗರಡಿಯ ಒಡನಾಟ ಇರುವವರು ಯಾರಾದರೂ, ಹೀಗೆ ಬೇಕೆಂದೇ ಸೋಲುವುದಕ್ಕೆ ಅಲ್ಲಿ ಯಾವ ಮಾತು ಬಳಸುತ್ತಾರೆ ಅಂತ ತಿಳಿಸಿದರೆ ನನ್ನ ಬರಹದ ಕೊನೆಯ ವಾಕ್ಯ ಮುಗಿಯುತ್ತದೆ.