ಡಿವಿಡೆಂಡ್ ಕೊಟ್ಟ ಮೇಲೆ ಉಳಿಕೆ ಲಾಭ ತಾಳೆಯಾಗುತ್ತಿಲ್ಲ, ಸರಿಯಾಗಿ 20,000 ವ್ಯತ್ಯಾಸ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಕೌಂಟಿಂಗ್ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆ ಒಂದು ಕಂಪನಿಯ ಇಡೀ ವರ್ಷದ ಲೆಕ್ಕ ಬರೆದೆ. ವರ್ಷದ ಶುರುವಿಗೆ ಉಳಿಕೆ ಲಾಭ, ಅಂದರೆ ಹಂಚದೆ ಕಂಪನಿಯಲ್ಲೇ ಉಳಿಸಿಕೊಂಡ ಲಾಭ, 80,000. ನಡುವೆ ಷೇರುದಾರರಿಗೆ 20,000 ಡಿವಿಡೆಂಡ್ (ಲಾಭಾಂಶ) ಘೋಷಿಸಿ ಕೊಟ್ಟಾಯಿತು. ‘ಡಿವಿಡೆಂಡ್ ಖರ್ಚು’ ಅಂತ ಲೆಡ್ಜರ್ ತೆರೆದು ಡೆಬಿಟ್ ಮಾಡಿದೆ, ಬ್ಯಾಂಕ್‌ಗೆ ಕ್ರೆಡಿಟ್. ವರ್ಷದ ಲಾಭ 30,000 ಬಂತು. ಬ್ಯಾಲೆನ್ಸ್ ಶೀಟ್ ತಾಳೆಯಾಗಿದೆ, ಅಲ್ಲಿ ಉಳಿಕೆ ಲಾಭ 1,10,000. ಆದರೆ ಈಕ್ವಿಟಿ (ಮಾಲೀಕರ ಬಂಡವಾಳ) ಬದಲಾವಣೆಯ ಪಟ್ಟಿಯಲ್ಲಿ 90,000 ತೋರಿಸುತ್ತಿದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ.

ಉತ್ತರ 1:
ಆ ಪಟ್ಟಿಯಲ್ಲಿ ಡಿವಿಡೆಂಡ್‌ಗೆ ಬೇರೆ ಸಾಲು ಇದೆಯಾ?

ಕೇಳಿದವರು:
ಇದೆ. 80,000 ಕೂಡಿಸು 30,000, ಕಳೆ 20,000.

ಉತ್ತರ 1:
ಹಾಗಾದರೆ ಸಿಕ್ಕಿತು. ಒಂದೇ ಡಿವಿಡೆಂಡನ್ನು ಎರಡು ಸಲ ಕಳೆದಿದ್ದೀರಿ. ಒಮ್ಮೆ ಲಾಭ-ನಷ್ಟ ಖಾತೆಯಲ್ಲಿ, ಇನ್ನೊಮ್ಮೆ ಇಲ್ಲಿ. ಮೂಲ ತಪ್ಪು ಮೊದಲನೆಯದು. ಸಂಬಳ, ಬಾಡಿಗೆ, ಬಡ್ಡಿ ಇವೆಲ್ಲ ಲಾಭ ಗಳಿಸಲು ಆದ ಖರ್ಚು. ಡಿವಿಡೆಂಡ್ ಹಾಗಲ್ಲ. ಲಾಭ ಎಷ್ಟು ಅಂತ ಗೊತ್ತಾದ ಮೇಲೆ ಮಾಲೀಕರಿಗೆ ಹಂಚುವ ಪಾಲು ಅದು. ಹಂಚಿದ್ದಕ್ಕೆ ಗಳಿಕೆ ಕಡಿಮೆಯಾಗುವುದಿಲ್ಲ ಅಲ್ವಾ?

ಉಳಿಕೆ ಲಾಭಕ್ಕೆ 20,000 ಡೆಬಿಟ್, ಆ ಖರ್ಚಿನ ಲೆಡ್ಜರ್‌ಗೆ 20,000 ಕ್ರೆಡಿಟ್ ಹಾಕಿ. ವರ್ಷದ ಲಾಭ 50,000 ಆಗುತ್ತದೆ. 80,000 ಕೂಡಿಸು 50,000, ಕಳೆ 20,000, ಅಂದರೆ 1,10,000. ಮುಂದಿನ ಸಲ ಎರಡು ನಮೂದು ಮಾಡಿ. ಘೋಷಿಸಿದ ದಿನ ಉಳಿಕೆ ಲಾಭ ಡೆಬಿಟ್, ‘ಕೊಡಬೇಕಾದ ಡಿವಿಡೆಂಡ್’ ಕ್ರೆಡಿಟ್. ಹಣ ಹೋದ ದಿನ ಅದೇ ಬಾಕಿಗೆ ಡೆಬಿಟ್, ಬ್ಯಾಂಕ್‌ಗೆ ಕ್ರೆಡಿಟ್.

ಕೇಳಿದವರು:
ಸರಿಹೋಯಿತು, ತುಂಬಾ ಥ್ಯಾಂಕ್ಸ್! ಇನ್ನೊಂದು ಅನುಮಾನ. ವರ್ಷ ಮುಗಿದ ಮೂರು ವಾರಕ್ಕೆ ಇನ್ನೂ 15,000 ಘೋಷಿಸಿದ್ದಾರೆ. ಲೆಕ್ಕ ಇನ್ನೂ ಅಂತಿಮವಾಗಿಲ್ಲ. ಅದು ಇದೇ ವರ್ಷದ ಲಾಭದಿಂದಲೇ ಕೊಡುವುದು. ಈ ವರ್ಷಕ್ಕೇ ಬಾಕಿ ಅಂತ ತೋರಿಸಲಾ?

ಉತ್ತರ 2:
ಬೇಡ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಯಾವ ವರ್ಷದ ಲಾಭ ಅನ್ನುವುದು ಮುಖ್ಯವಲ್ಲ, ವರ್ಷದ ಕೊನೆಯ ದಿನ ಕಂಪನಿ ಕೊಡಲೇಬೇಕಿತ್ತಾ ಅನ್ನುವುದು ಮುಖ್ಯ. ಆ ದಿನ ಘೋಷಣೆಯೇ ಆಗಿರಲಿಲ್ಲ, ಹಾಗಾಗಿ ಹೊಣೆಯೂ ಇರಲಿಲ್ಲ. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 10 ಇದನ್ನೇ ಹೇಳುತ್ತದೆ. ಟಿಪ್ಪಣಿಯಲ್ಲಿ ತಿಳಿಸಿ, ನಮೂದು ಮುಂದಿನ ವರ್ಷಕ್ಕೆ.

ಒಂದು ಎಚ್ಚರಿಕೆ. ನಿಗದಿತ ದಿನ ಹಣ ವಾಪಸ್ ಕೊಡಲೇಬೇಕಾದ ಪ್ರಿಫರೆನ್ಸ್ ಷೇರುಗಳಿದ್ದರೆ (ಸಾಮಾನ್ಯ ಷೇರಿಗಿಂತ ಮೊದಲು ಡಿವಿಡೆಂಡ್ ಸಿಗುವ ಷೇರು) ಅವನ್ನು ಸಾಲ ಅಂತಲೇ ನೋಡುತ್ತಾರೆ. ಅಂಥ ಸಾಲದ ಮೇಲಿನ ಡಿವಿಡೆಂಡ್ ಬಡ್ಡಿಯ ಹಾಗೆ ಖರ್ಚಿಗೆ ಹೋಗುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ಷರತ್ತು ಓದಿ.

ಕೇಳಿದವರು:
ನನ್ನದರಲ್ಲಿ ಇರುವುದು ಬರೀ ಸಾಮಾನ್ಯ ಷೇರು. 15,000 ಟಿಪ್ಪಣಿಗೆ ಹಾಕಿದೆ. ನಗದು ಹರಿವಿನ ಪಟ್ಟಿಯನ್ನೂ 50,000 ಲಾಭದಿಂದ ಶುರುಮಾಡಿ, 20,000 ಅನ್ನು ಹಣಕಾಸು ಚಟುವಟಿಕೆಯ ಕೆಳಗೆ ತೋರಿಸಿದೆ. ಬ್ಯಾಂಕ್ ಬಾಕಿಗೆ ಸರಿಯಾಗಿ ಕೂತಿತು.