ಗುರುತ್ವಾಕರ್ಷಣೆ: ಮಕ್ಕಳಿಗೆ ಎಳೆತವೋ, ಸೆಳೆತವೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಚಾರದಲ್ಲಿ ನಿಮ್ಮ ಸಲಹೆ ಬೇಕಿತ್ತು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಪಾಂಡವಪುರದ ಹತ್ತಿರ ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೂರರಿಂದ ಐದನೇ ಕ್ಲಾಸಿನವರು. ಹೋದ ತಿಂಗಳು, ಕೈಬಿಟ್ಟ ವಸ್ತು ಯಾಕೆ ಕೆಳಗೇ ಬೀಳುತ್ತೆ ಅಂತ ಮಾತು ಶುರು ಮಾಡಿ, ಬೋರ್ಡಿನ ಮೇಲೆ 'ಗುರುತ್ವಾಕರ್ಷಣೆ' ಅಂತ ಬರೆದೆ. ಒಬ್ಬ ಹುಡುಗಿ ಅದನ್ನು ತಡೆತಡೆದು ಓದಿ, "ಇದರಲ್ಲಿ ಗುರು ಯಾರು ಸಾರ್?" ಅಂದಳು. ಪಕ್ಕದಲ್ಲಿದ್ದವನು, "ಗುರು ಗ್ರಹ ಕಣೇ" ಅಂದ.

ಅವಳು ಕೇಳಿದ್ದು ಸರಿಯಾಗೇ ಇದೆ. ಹಾಗಾಗಿ ಪದವನ್ನು ಬಿಡಿಸಿ ಹೇಳಿದೆ. ಇಲ್ಲಿ ಗುರು ಅಂದ್ರೆ ಮೇಷ್ಟ್ರೂ ಅಲ್ಲ, ಗ್ರಹವೂ ಅಲ್ಲ, ಭಾರವಾದದ್ದು. ಛಂದಸ್ಸಿನಲ್ಲಿ ಲಘು, ಗುರು ಅನ್ನುತ್ತೇವಲ್ಲ, ಅದೇ ಗುರು. ಇಂಗ್ಲಿಷಿನ ಗ್ರಾವಿಟಿ ಬಂದಿರೋದು ಲ್ಯಾಟಿನ್ನಿನ ಗ್ರಾವಿಸ್ ಅನ್ನೋ ಪದದಿಂದ. ಅದಕ್ಕೂ ಭಾರ ಅಂತಲೇ ಅರ್ಥ. ಗುರು, ಗ್ರಾವಿಸ್ ಎರಡೂ ಒಂದೇ ಬೇರಿನ ಪದಗಳು. 'ಆಕರ್ಷಣೆ'ಯ ಬೇರಂತೂ ನಮ್ಮ ಹೊಲದಲ್ಲೇ ಇದೆ. ಸಂಸ್ಕೃತದ 'ಕೃಷ್' ಅಂದ್ರೆ ಎಳೆಯುವುದು, ಉಳುವುದು. ಕೃಷಿ ಅನ್ನೋ ಪದ ಹುಟ್ಟಿದ್ದೂ ಅದರಿಂದಲೇ. ಕಬ್ಬು, ಭತ್ತ ಬೆಳೆಯೋ ಮನೆಯ ಮಕ್ಕಳಿಗೆ ಇದು ತಟ್ಟನೆ ಹಿಡಿಸಿತು.

ಭಾಸ್ಕರಾಚಾರ್ಯರ 1150ರ 'ಸಿದ್ಧಾಂತ ಶಿರೋಮಣಿ'ಯಲ್ಲೂ ಈ ಮಾತಿದೆ. ಭೂಮಿಗೆ 'ಆಕೃಷ್ಟಿ ಶಕ್ತಿ' ಇದೆ, ಆಕಾಶದಲ್ಲಿರೋ 'ಗುರು'ವಾದ ವಸ್ತುವನ್ನು ತನ್ನ ಕಡೆಗೆ ಎಳೆಯುತ್ತೆ ಅನ್ನುತ್ತಾರೆ. ನಮ್ಮ ಪದದ ಎರಡು ತುಂಡೂ ಒಂದೇ ಶ್ಲೋಕದಲ್ಲಿ ಸಿಗೋದು ನನಗೆ ಬಹಳ ಸಂತೋಷ ಕೊಟ್ಟಿತು. ಭೂಮಿ ಮಾತ್ರ ಅಲ್ಲ, ಎಲ್ಲ ವಸ್ತುವೂ ಎಲ್ಲ ವಸ್ತುವನ್ನೂ ಎಳೆಯುತ್ತೆ ಅಂತ ಲೆಕ್ಕದ ಸಮೇತ ತೋರಿಸಿದ್ದು 1687ರಲ್ಲಿ ನ್ಯೂಟನ್.

ತೊಂದರೆ ಬಂದದ್ದು ಮುಂದಿನ ವಾರ. ಗುರು ಅಂದ್ರೆ ಭಾರ ಅಂತ ಹೇಳಿದ್ದೆನಲ್ಲ, ಮಕ್ಕಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಭಾರ ಇರೋದನ್ನು ಮಾತ್ರ ಭೂಮಿ ಎಳೆಯುತ್ತೆ, ಹಗುರವಾದದ್ದನ್ನು ಬಿಟ್ಟುಬಿಡುತ್ತೆ ಅಂತ ಅವರ ಲೆಕ್ಕ. ಒಂದು ಸುಲಿದ ತೆಂಗಿನಕಾಯಿ, ಒಂದು ನಿಂಬೆಹಣ್ಣು ತರಿಸಿದೆ. ಯಾವುದು ಮೊದಲು ಬೀಳುತ್ತೆ ಅಂದ್ರೆ ಎಲ್ಲರೂ ಒಂದೇ ಕೂಗು: "ಕಾಯಿ!" ಜಗಲಿಯ ಮೇಲೆ ಕುರ್ಚಿ ಹಾಕಿ ನಿಂತು ಎರಡನ್ನೂ ಒಟ್ಟಿಗೆ ಬಿಟ್ಟೆ. ಅಂಗಳದಲ್ಲಿ ಒಂದೇ ಸದ್ದು. ಮಕ್ಕಳು ನಂಬಲಿಲ್ಲ. ನೆಲಕ್ಕೆ ಕಿವಿಯಿಟ್ಟು ಮಲಗಿ, ಆರು ಸಲ ಬಿಡಿಸಿದರು.

ಭೂಮಿ ಕಾಯಿಯನ್ನು ಜಾಸ್ತಿ ಎಳೆಯೋದು ನಿಜ. ಆದರೆ ಭಾರದ ಕಾಯಿಯನ್ನು ಕದಲಿಸೋದಕ್ಕೆ ಅಷ್ಟೇ ಜಾಸ್ತಿ ಬಲವೂ ಬೇಕು. ಹಾಗಾಗಿ ಲೆಕ್ಕ ಸಮವಾಗುತ್ತೆ. ಗರಿ, ಎಲೆ ನಿಧಾನಕ್ಕೆ ಇಳಿಯೋದು ಗಾಳಿ ತಡೆಯೋದರಿಂದ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಒಂದು ಸುತ್ತಿಗೆ, ಒಂದು ಗರಿ ಬಿಟ್ಟಾಗ ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಇಷ್ಟೆಲ್ಲಾ ಹೇಳಿದ ಮೇಲೂ 'ಗುರು' ಅನ್ನೋ ತುಂಡು ಮಕ್ಕಳನ್ನು ಮತ್ತೆ ಮತ್ತೆ ಭಾರದ ಕಡೆಗೇ ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೇ ಈ ವಯಸ್ಸಿಗೆ ಬೇರೆ ಪದ ಬೇಕು ಅನ್ನಿಸಿದ್ದು.

ನಮ್ಮಲ್ಲಿ ಮೂರು ಕ್ರಿಯಾಪದಗಳಿವೆ: ಎಳೆ, ಜಗ್ಗು, ಸೆಳೆ. ಎಳೆಯೋದಕ್ಕೆ ಹಿಡಿತ ಬೇಕು, ನಡುವೆ ಹಗ್ಗವೋ ಕೈಯೋ ಇರಬೇಕು. ಗಾಡಿ ಎಳೆಯುತ್ತೇವೆ, ಸೇದುವ ಬಾವಿಯ ಹಗ್ಗ ಎಳೆಯುತ್ತೇವೆ. "ಭೂಮಿ ಎಳೆಯುತ್ತೆ" ಅಂದ ಕೂಡಲೇ ಒಬ್ಬ, "ಯಾವುದರಲ್ಲಿ?" ಅಂತ ಕೇಳಿದ. ಜಗ್ಗುವುದರಲ್ಲಿ ತಿಣುಕಾಟವೂ ಇದೆ. ಕಾಯಿಯ ಭಾರಕ್ಕೆ ಕೊಂಬೆ ಜಗ್ಗಿದೆ ಅನ್ನುತ್ತೇವಲ್ಲ, ಅದು ಗುರುತ್ವದ ಕೆಲಸವೇ, ಆದರೆ ಕೊಂಬೆಯ ಕಡೆಯಿಂದ ನೋಡಿ ಹೇಳಿದ ಮಾತು. ಸೆಳೆಯೋದಕ್ಕೆ ಮುಟ್ಟಬೇಕಾಗಿಲ್ಲ. ಕಣ್ಸೆಳೆಯುತ್ತೆ, ಮನಸೆಳೆಯುತ್ತೆ, ಗಮನ ಸೆಳೆಯುತ್ತೆ ಅಂತೀವಿ. ದೂರದಿಂದಲೇ, ನಡುವೆ ಏನೂ ಇಲ್ಲದೆ, ತನ್ನ ಕಡೆಗೆ ಬರಮಾಡಿಕೊಳ್ಳೋದು. ಗುರುತ್ವಕ್ಕೆ ಬೇಕಾದ್ದು ಇದೇ ಅರ್ಥ ಅಲ್ವಾ?

ಚಂದ್ರನ ವಿಷಯಕ್ಕೂ ಇದೇ ಪದ ಕೈಹಿಡಿಯಿತು. "ಚಂದ್ರನೂ ಭೂಮಿ ಕಡೆ ಬೀಳ್ತಾನೇ ಇದಾನೆ, ಆದರೆ ಪಕ್ಕಕ್ಕೂ ಓಡ್ತಾ ಇರೋದ್ರಿಂದ ಸುತ್ತು ಹಾಕ್ತಾನೆ" ಅಂದ್ರೆ ಮಕ್ಕಳಿಗೆ ಒಪ್ಪಿಗೆಯಾಗಲ್ಲ. ಕನ್ನಡದಲ್ಲಿ ಬಿದ್ದರೆ ನೆಲ ಮುಟ್ಟಲೇಬೇಕು. ಅದರ ಬದಲು, ಸುಮಾರು 3,84,000 ಕಿಲೋಮೀಟರ್ ದೂರದಿಂದಲೇ ಭೂಮಿ ಚಂದ್ರನನ್ನು ಸೆಳೆದಿಟ್ಟುಕೊಂಡಿದೆ, ಅದಕ್ಕೇ ಅವನು ನೇರ ಓಡಿಹೋಗದೆ ಸುತ್ತುತ್ತಿದ್ದಾನೆ ಅಂದಾಗ ತಲೆಯಾಡಿಸಿದರು.

ಆದರೆ ಸೆಳೆತಕ್ಕೂ ಒಂದು ತೊಡಕಿದೆ. ಕಾವೇರಿ ದಡದ ಮಕ್ಕಳಿಗೆ ಆ ಪದ ಆಗಲೇ ಬೇರೆ ಅರ್ಥದಲ್ಲಿ ಗೊತ್ತು. "ಸೆಳೆತ ಹೊಳೇಲಿ ಇರೋದಲ್ವಾ ಸಾರ್? ನಮ್ಮಜ್ಜಿ ಅದಕ್ಕೇ ಇಳೀಬೇಡ ಅಂತಾರೆ" ಅಂದ ಒಬ್ಬ. ನಮ್ಮ ಕಡೆ ಸೆಳವು ಅಂತಲೂ ಹೇಳುತ್ತಾರೆ. ಅವರನ್ನೆಲ್ಲ ವಿಶ್ವೇಶ್ವರಯ್ಯ ನಾಲೆಯ ಏರಿಗೆ ಕರೆದುಕೊಂಡು ಹೋದೆ. ಕನ್ನಂಬಾಡಿಯಿಂದ ಬರೋ ನೀರು ಯಾವ ಪಂಪೂ ಇಲ್ಲದೆ ವಾಟಕ್ಕೆ ತಕ್ಕಂತೆ ಇಳಿದು ಬರುತ್ತೆ. ನೀರನ್ನು ತಗ್ಗಿಗೆ ಇಳಿಸುತ್ತಿರೋದು ಭೂಮಿಯ ಸೆಳೆತ, ಹೊಳೆಯಲ್ಲಿ ಕಾಲು ಕೀಳೋದೂ ಹಾಗೆ ಇಳಿಯುತ್ತಿರೋ ನೀರೇ ಅಂದೆ. ಅರ್ಥ ಆಯಿತು. ಹೊಳೆಯಿಲ್ಲದ ಊರಿನ ಮಕ್ಕಳಿಗೆ ಈ ತೊಡಕೇ ಬರದಿರಬಹುದು.

ಹೀಗೇ ತೊಡಕು ಕೊಡೋ ಇನ್ನೊಂದು ಪದ 'ದ್ರವ್ಯರಾಶಿ', ಅಂದ್ರೆ ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನೋದು (ಇಂಗ್ಲಿಷಿನ ಮಾಸ್). ರಾಶಿ ಅಂದ್ರೆ ಇಲ್ಲಿನವರಿಗೆ ಕಣದಲ್ಲಿರೋ ರಾಗಿ ರಾಶಿ. ಹಾಗಾಗಿ ಗುಡ್ಡೆ ದೊಡ್ಡದಿದ್ದರೆ ದ್ರವ್ಯರಾಶಿ ಜಾಸ್ತಿ, ಕಬ್ಬಿಣದ ಗುಂಡಿಗಿಂತ ಹುಲ್ಲಿನ ಹೊರೆಗೇ ಜಾಸ್ತಿ ಅನ್ನುತ್ತಾರೆ. ತೂಕಕ್ಕೂ ಅದಕ್ಕೂ ಇರೋ ವ್ಯತ್ಯಾಸವನ್ನು ನಾನು ತಕ್ಕಡಿಯಿಂದ ಹೇಳಿದೆ. ಚಂದ್ರನ ಸೆಳೆತ ನಮ್ಮ ಭೂಮಿಯದರ ಸುಮಾರು ಆರರಲ್ಲೊಂದು ಪಾಲು. 24 ಕೆಜಿಯ ಹುಡುಗ ಅಲ್ಲಿ ಸ್ಪ್ರಿಂಗ್ ತಕ್ಕಡಿಯಲ್ಲಿ ಕೂತರೆ ಮುಳ್ಳು 4ಕ್ಕೆ ನಿಲ್ಲುತ್ತೆ. ಎರಡು ತಟ್ಟೆಯ ತಕ್ಕಡಿಯಾದರೆ ಅಲ್ಲೂ 24 ಕೆಜಿಯ ತೂಕದ ಬಟ್ಟುಗಳನ್ನೇ ಇಡಬೇಕು. ಮೊದಲನೆಯದು ತೂಕ, ಎರಡನೆಯದು ದ್ರವ್ಯರಾಶಿ. ಇದಕ್ಕೆ ರಾಶಿಯಿಲ್ಲದ ಪದ ನನಗೆ ಹೊಳೆದಿಲ್ಲ.

ನಾಲ್ಕನೇ ಕ್ಲಾಸಿನವರೆಗೆ 'ಸೆಳೆತ' ಅಂತಲೇ ಹೇಳಿ, ಐದರಲ್ಲಿ ಗುರುತ್ವಾಕರ್ಷಣೆಯನ್ನು ಬಿಡಿಸಿ ಕಲಿಸೋದು ಅಂತ ನಾನು ಅಂದುಕೊಂಡಿದ್ದೇನೆ. 'ಭೂಸೆಳೆತ' ಅನ್ನಲು ಮನಸ್ಸಿಲ್ಲ, ಚಂದ್ರನಿಗೂ ಸೂರ್ಯನಿಗೂ ತೆಂಗಿನಕಾಯಿಗೂ ಸೆಳೆತ ಇದೆಯಲ್ಲ. ನಿಮ್ಮ ಅನುಭವ ಏನು? ಹೊಳೆಯದಕ್ಕೆ 'ಸೆಳವು', ಭೂಮಿಯದಕ್ಕೆ 'ಸೆಳೆತ' ಅಂತ ಬೇರೆ ಮಾಡಿದರೆ ನಿಮ್ಮ ಕಡೆಯ ಮಾತಿಗೆ ಒಗ್ಗುತ್ತಾ? ರಾಮನಗರ, ಹಾಸನ, ಕೊಡಗಿನ ಕಡೆಯವರು ಹೊಳೆಯ ನೀರಿಗೆ ಏನು ಹೇಳುತ್ತೀರಿ ಅಂತ ತಿಳಿಸಿದರೆ ಮುಂದಿನ ಭಾನುವಾರದೊಳಗೆ ನಾನೂ ಒಂದು ತೀರ್ಮಾನಕ್ಕೆ ಬರುತ್ತೇನೆ.